ಪೂಜೆಗಿಟ್ಟ ಪಂಪು

ಸಮುದ್ರವಿಲ್ಲದ ಊರಿನಲ್ಲಿ ಕೂತು ಚಂಡಮಾರುತಕ್ಕೆ ಸಾಮಾನು ಜೋಡಿಸುವ ಹೆಂಗಸು ಎಂದು ನಮ್ಮ ಕಚೇರಿಯಲ್ಲಿ ನನ್ನನ್ನು ಆಡಿಕೊಳ್ಳುತ್ತಿದ್ದರು. "ಏನ್ ಮೇಡಮ್, ದೋಣಿ ಯಾವಾಗ ತರಿಸ್ತೀರಾ?" ಎಂದು ಮೇಲಿನ ಮಹಡಿಯ ಗುಮಾಸ್ತನೊಬ್ಬ ಕಂಡಾಗಲೆಲ್ಲ ಕೇಳುತ್ತಿದ್ದ. ನಗುವವರು ನಗಲಿ ಎಂದು ಬಿಟ್ಟಿದ್ದೆ. ನಾನು ಯಲಹಂಕದಲ್ಲೇ ಹುಟ್ಟಿ ಬೆಳೆದವಳು. ಬಂಗಾಳ ಕೊಲ್ಲಿಯಲ್ಲಿ ಎದ್ದ ಗಾಳಿ ಚೆನ್ನೈ ಕಡೆ ಬಡಿದರೆ ಮಾರನೇ ದಿನ ನಮ್ಮ ಕಡೆಯ ಕೆರೆಗಳು ಕೋಡಿ ಬೀಳುತ್ತವೆ. ಕೋಡಿ ನೀರು ಹರಿಯುತ್ತಿದ್ದ ಜಾಗದಲ್ಲಿ ಈಗ ಮೂರು ಮಹಡಿಯ ಮನೆಗಳಿವೆ. ಆ ಮನೆಗಳನ್ನು ಕಟ್ಟಿಸಿ ಬಾಡಿಗೆಗೆ ಬಿಟ್ಟವರಲ್ಲಿ ನಮ್ಮ ಚಿಕ್ಕಪ್ಪಂದಿರೂ ಇದ್ದಾರೆ. ನೀರು ಎಲ್ಲಿಗೆ ನುಗ್ಗುತ್ತದೆ ಎಂದು ತಿಳಿಯಲು ನನಗೆ ನಕ್ಷೆ ಬೇಕಿರಲಿಲ್ಲ.

ಆಗ ನಾನು ನಮ್ಮ ಪಾಲಿಕೆ ಕಚೇರಿಯ ಹಿಂಭಾಗದ ತುರ್ತು ಸಾಮಗ್ರಿ ಗೋಡೌನಿನ ಉಸ್ತುವಾರಿಯಲ್ಲಿದ್ದೆ. ಮಳೆ ಸುರಿಯುವಾಗ ಬೇಕಾಗುವ ಸಾಮಾನು ಬೇರೆ, ಮಳೆ ನಿಂತ ಮೇಲೆ ಬೇಕಾಗುವ ಸಾಮಾನು ಬೇರೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದು ನನಗೂ ಗೊತ್ತಿರಲಿಲ್ಲ. ಸುರಿಯುವಾಗ ಜನ ಒಳಗೆ ಕೂತಿರುತ್ತಾರೆ. ಜೀವ ಹೋಗುವುದು ಹೆಚ್ಚಾಗಿ ಆಮೇಲೆ: ಕರೆಂಟಿಲ್ಲ, ಕುಡಿಯುವ ನೀರಿನ ಸಂಪಿನೊಳಕ್ಕೆ ಚರಂಡಿ ನೀರು ನುಗ್ಗಿದೆ, ದಾರಿಗೆ ಮರ ಬಿದ್ದಿದೆ, ಮನೆಯಲ್ಲಿ ಕಾಯಿಲೆಯವರಿದ್ದಾರೆ. ಹಾಗಾಗಿ ನನ್ನ ಪಟ್ಟಿಯಲ್ಲಿ ಛತ್ರಿ, ರೇನ್‌ಕೋಟುಗಳು ಕೊನೆಗೆ ಬರುತ್ತಿದ್ದವು. ಮೊದಲು ಎರಡು ಡೀಸೆಲ್ ಪಂಪು, ಅವುಗಳ ಪೈಪು, ಬಟ್ಟೆಯಲ್ಲಿ ಸೋಸಿ ಕ್ಯಾನಿಗೆ ತುಂಬಿಸಿದ ಡೀಸೆಲ್ಲು. ಮರ ಕೊಯ್ಯುವ ಯಂತ್ರ, ಮಚ್ಚು, ಹಾರೆ, ಗುದ್ದಲಿ, ಬೆರಳು ಗಾತ್ರದ ಹಗ್ಗ. ಮುಚ್ಚಳ ಬಿಗಿಯಾದ ಡ್ರಮ್ಮಿನಲ್ಲಿ ಬ್ಲೀಚಿಂಗ್ ಪೌಡರು, ಯಾಕೆಂದರೆ ಗಾಳಿ ಆಡಿದರೆ ಅದು ಬರೀ ಸುಣ್ಣದ ಪುಡಿಯಾಗುತ್ತದೆ. ಟಾರ್ಚು ಒಂದು ಕಡೆ, ಶೆಲ್ಲು ಇನ್ನೊಂದು ಕಡೆ. ಒಳಗೇ ಬಿಟ್ಟರೆ ಸೋರಿ ಟಾರ್ಚನ್ನೇ ತಿಂದುಹಾಕುತ್ತವೆ. ಪ್ರತಿ ಸೋಮವಾರ ಎರಡೂ ಪಂಪುಗಳನ್ನು ಹಿತ್ತಲಿನ ಸಂಪಿನ ಬಳಿ ಇಳಿಸಿ, ಹತ್ತು ನಿಮಿಷ ಓಡಿಸಿ, ನೀರು ಬಂದದ್ದನ್ನು ಕಣ್ಣಾರೆ ನೋಡಿ ಪುಸ್ತಕದಲ್ಲಿ ಸಹಿ ಹಾಕುತ್ತಿದ್ದೆ. ಆ ಪುಸ್ತಕದ ಬಗ್ಗೆ ನನಗೆ ಜಂಬವಿತ್ತು, ಸುಳ್ಳು ಹೇಳಿ ಏನಾಗಬೇಕು.

ಆ ವರ್ಷ ದಸರೆಯ ಹೊತ್ತಿಗೇ ಕೊಲ್ಲಿಯಲ್ಲಿ ಗಾಳಿ ಕಟ್ಟಿತು. ಒಂದು ವಾರ ಮೊದಲೇ ಎಚ್ಚರಿಕೆ ಬಂದಿತ್ತು. ಮಂಗಳವಾರ ರಾತ್ರಿ ತೀರ ದಾಟುತ್ತದೆ, ಬುಧವಾರದವರೆಗೂ ನಮಗೆ ಮಳೆ ಎಂದು. ಬುಧವಾರ ಆಯುಧ ಪೂಜೆ, ಗುರುವಾರ ವಿಜಯದಶಮಿ, ಎರಡು ದಿನವೂ ರಜೆ. ಎಲ್ಲ ಕಚೇರಿಗಳ ಹಾಗೆ ನಮ್ಮಲ್ಲೂ ಪೂಜೆ ರಜೆಯ ಹಿಂದಿನ ದಿನವೇ ಆಗುತ್ತದೆ. ಮಂಗಳವಾರ ಪೂಜೆ ಮಾಡಿ, ಆಯುಧಗಳನ್ನು ಹಾಗೇ ಬಿಟ್ಟು ಬೀಗ ಹಾಕಿದರೆ, ಶುಕ್ರವಾರ ಬೆಳಿಗ್ಗೆ ಮಂಗಳಾರತಿ ಎತ್ತಿ ಕದಲಿಸುವುದು. ಅಲ್ಲಿಯವರೆಗೆ ಯಾರೂ ಮುಟ್ಟುವಂತಿಲ್ಲ.

ನಾನು ಎಂಜಿನಿಯರ್ ಸಾಹೇಬರ ಹತ್ತಿರ ಹೋಗಿ, "ಸರ್, ಮಳೆ ಇದೆ ಅಂತಿದ್ದಾರೆ, ಪಂಪುಗಳನ್ನ ಪೂಜೆಗೆ ಇಡೋದು ಬೇಡ" ಎಂದೆ.

"ಪಂಪ್ ಇಡ್ದೆ ಇನ್ನೇನ್ ಇಡ್ತೀರಾ, ಪೆನ್ನಾ?" ಎಂದರು ಅವರು. "ಈ ಸಲ ಮೇಲಿನವರು ಬರ್ತಿದಾರೆ. ಫೋಟೋ ತೆಗೀತಾರೆ. ಎಲ್ಲಾ ಮಿಂಚ್‌ಬೇಕು. ಬಣ್ಣ ಗಿಣ್ಣ ಹೊಡಿಸಿ ಮೇಡಮ್, ತುಕ್ಕು ಹಿಡ್ದಿರೋ ಥರ ಕಾಣ್ಬಾರ್ದು."

ಬಣ್ಣಕ್ಕೆ ಬೇಡಿಕೆ ಚೀಟಿ ಬರೆದವಳು ನಾನೇ. ಪಂಪಿಗೆ ಕೆಂಪು, ಹಾರೆಗೆ, ಗುದ್ದಲಿಯ ಕಾವಿಗೆ ಕಪ್ಪು. ಶನಿವಾರ ನಮ್ಮ ಗ್ಯಾಂಗಿನ ಕೆಲಸಗಾರರು ಹಿತ್ತಲಿನಲ್ಲಿ ಕೂತು ಹಾಡು ಹಾಕಿಕೊಂಡು ಬಣ್ಣ ಬಳಿದರು. ಪಂಪಿನ ಪೈಪಿಗೆ ತುದಿಯಲ್ಲಿ, ನೀರಿನೊಳಗೆ ಮುಳುಗುವ ಕಡೆ, ಜಾಲರಿಯಿರುವ ಒಂದು ಕಬ್ಬಿಣದ ಗೂಡು ಇರುತ್ತದೆ. ಫುಟ್ ವಾಲ್ವ್ ಅನ್ನುತ್ತೇವೆ. ಒಳಗೆ ಸಣ್ಣ ಮುಚ್ಚಳವೊಂದಿದೆ. ಪಂಪು ಎಳೆದಾಗ ಅದು ಮೇಲೇಳುತ್ತದೆ, ನಿಂತಾಗ ಕೂತು ಪೈಪಿನ ನೀರನ್ನು ಹಿಡಿದಿಡುತ್ತದೆ. ಜಾಲರಿಯೊಳಗೆ ಬ್ರಷ್ ಆಡುವುದಿಲ್ಲವೆಂದು ನಮ್ಮವರು ಎರಡೂ ವಾಲ್ವುಗಳನ್ನು ಬಣ್ಣದ ಡಬ್ಬದಲ್ಲಿ ಅದ್ದಿ, ಬಟ್ಟೆ ಒಣಹಾಕುವ ತಂತಿಗೆ ನೇತುಹಾಕಿದ್ದರು. ಎರಡು ಕೆಂಪು ಗಂಟೆಗಳಂತೆ ತೂಗುತ್ತಿದ್ದವು. ನಾನು ನಿಂತು ನೋಡಿ, "ಚೆನ್ನಾಗಿ ಕಾಣ್ತಿದೆ ಕಣ್ರೋ" ಎಂದೆ. ಅಷ್ಟೇ ಅಲ್ಲ, ನನಗೆ ನಿಜವಾಗಿಯೂ ಖುಷಿಯಾಗಿತ್ತು.

ಸೋಮವಾರ ಪಂಪು ಓಡಿಸುವ ದಿನ. ಹೊಸ ಬಣ್ಣದ ಮೇಲೆ ಎಂಜಿನ್ ಕಾದರೆ ಬಣ್ಣ ಬೊಬ್ಬೆ ಏಳುತ್ತದೆ, ಪೈಪು ಸಂಪಿಗಿಳಿಸಿದರೆ ಕೆಸರಾಗುತ್ತದೆ ಎಂದು ಮೇಸ್ತ್ರಿ ಹೇಳಿದರು. ಮೇಸ್ತ್ರಿ ಹುಣಸಮಾರನಹಳ್ಳಿಯವರು, ನನಗಿಂತ ಹತ್ತು ವರ್ಷ ದೊಡ್ಡವರು, ಪಂಪಿನ ವಿಷಯದಲ್ಲಿ ಅವರ ಮಾತಿಗೆ ನಾನು ಎದುರಾಡಿದ್ದಿಲ್ಲ. "ಓದ ವಾರ ಓಡೈತಲ್ಲಮ್ಮಾ, ಒಂದ್ ವಾರಕ್ಕೆ ಏನಾಯ್ತದೆ?" ಎಂದರು. ನನಗೂ ಹೌದೆನಿಸಿತು. ಪುಸ್ತಕ ತೆಗೆದು, "ಪಂಪು ಒಂದು, ಚಾಲನೆ ಸರಿ; ಪಂಪು ಎರಡು, ಚಾಲನೆ ಸರಿ" ಎಂದು ಬರೆದು ಸಹಿ ಹಾಕಿದೆ. ಚಂಡಮಾರುತ ಬರುತ್ತಿದೆ ಎಂದು ಊರಿಗೆಲ್ಲ ಸಾರಿದ್ದವಳು, ಚಂಡಮಾರುತದ ಹಿಂದಿನ ದಿನ.

ಮಂಗಳವಾರ ಮೇಲಿನವರು ಬಂದರು, ಕುಂಬಳಕಾಯಿ ಒಡೆದರು, ಫೋಟೋ ತೆಗೆಸಿಕೊಂಡರು, ಕಡ್ಲೆಪುರಿ ತಿಂದು ಹೋದರು. ಹೋಗುವಾಗ ಅವರ ಕಡೆಯವರೊಬ್ಬರು, ದೇವಿಯ ಪೆಂಡಾಲಿನ ದೀಪಕ್ಕೆ ಒಂದು ಜನರೇಟರ್ ಬೇಕಿತ್ತು ಎಂದರು. ಗೋಡೌನಿನಲ್ಲಿದ್ದದ್ದೇ ಒಂದು. ಸಾಹೇಬರು ನನ್ನ ಮುಖ ನೋಡದೆ, "ಕಳಿಸ್ಕೊಡಿ ಮೇಡಮ್, ಶುಕ್ರವಾರ ಬರುತ್ತೆ" ಎಂದರು. ಮೈಯೆಲ್ಲ ಉರಿಯಿತು. ಆದರೂ ಕಳಿಸಿಕೊಟ್ಟೆ.

ರಾತ್ರಿಯೆಲ್ಲ ಸುರಿದ ಮಳೆ ಬುಧವಾರ ಬೆಳಗಾಗುವಷ್ಟರಲ್ಲಿ ಸಣ್ಣದಾಗಿತ್ತು. ಏಳೂವರೆಗೆ ನನ್ನ ಫೋನಿಗೆ ನಮ್ಮ ಪಕ್ಕದ ಕೋಗಿಲು ಕಡೆಯಿಂದ ಒಬ್ಬ ಹೆಂಗಸಿನ ಕರೆ ಬಂತು. ಗೋಡೌನಿನ ಗೋಡೆಯ ಮೇಲೆ ಬರೆದಿದ್ದ ನಂಬರನ್ನು ಯಾರೋ ಕೊಟ್ಟಿದ್ದರಂತೆ. ಗಂಡ ಬಸ್ ಕಂಡಕ್ಟರಾಗಿ ನಿವೃತ್ತರಾದವರು. ಶ್ವಾಸಕೋಶ ಹಾಳಾಗಿ ವರ್ಷದಿಂದ ಮನೆಯಲ್ಲೇ ಆಕ್ಸಿಜನ್ ಮೆಷೀನಿನ ಮೇಲಿದ್ದಾರೆ. ಬೆಳಗಿನ ಜಾವ ಕರೆಂಟು ಹೋಗಿದೆ. ಕಟ್ಟಡದ ನೆಲಮಾಳಿಗೆಯಲ್ಲಿ ನೀರು ತುಂಬಿ ಮೀಟರ್ ಬೋರ್ಡು ಮುಳುಗಿದೆ. ಮೆಷೀನು ನಿಂತಿದೆ, ಉಳಿದಿರುವುದು ಒಂದು ಸಿಲಿಂಡರು.

"ಎಷ್ಟು ಹೊತ್ತು ಬರುತ್ತೆ ಸಿಲಿಂಡರು?"

"ಮಧ್ಯಾಹ್ನದವರೆಗೂ ಬರಬೋದು ಮೇಡಮ್. ಲೈನ್‌ಮ್ಯಾನ್ ಬಂದಿದಾರೆ. ಬೋರ್ಡಿಂದ ನೀರು ಇಳಿದ್ರೆ ಕರೆಂಟ್ ಕೊಡ್ತೀನಿ ಅಂತಾರೆ. ಒಂದ್ ಪಂಪ್ ಕಳಿಸಿಬಿಡಿ, ನಿಮ್ಮ ದಮ್ಮಯ್ಯ."

ನಾನು ಗೋಡೌನಿಗೆ ಹೋದಾಗ ಮೇಸ್ತ್ರಿ, ಲಾರಿ ಡ್ರೈವರು, ಗ್ಯಾಂಗಿನ ನಾಲ್ವರು ಆಗಲೇ ಬಂದಿದ್ದರು. ರಜೆಯ ದಿನವೂ ಕರೆದ ತಕ್ಷಣ ಬಂದರು, ಅದನ್ನು ಹೇಳಬೇಕು. ಬೀಗ ತೆಗೆದೆ. ಪಂಪುಗಳು ಚೆಂಡುಹೂವಿನ ಹಾರ ಹಾಕಿಕೊಂಡು, ವಿಭೂತಿ ಪಟ್ಟೆ, ಕುಂಕುಮ ಇಟ್ಟುಕೊಂಡು ಕೂತಿದ್ದವು. ಮುಂದೆ ಹೆಚ್ಚಿ ಕುಂಕುಮ ಹಚ್ಚಿದ ನಿಂಬೆಹಣ್ಣು. ಯಾರೂ ಹೊಸಿಲು ದಾಟಲಿಲ್ಲ.

"ಕದಲಿಸಿಲ್ವಲ್ಲಮ್ಮಾ," ಎಂದರು ಮೇಸ್ತ್ರಿ. "ಇವತ್ತೇ ಆಯುಧ ಪೂಜೆ. ಇವತ್ತೇ ಯಂಗೆ ಎತ್ತೋದು?"

ಡ್ರೈವರು, "ಮೇಡಮ್, ಕರ್ಪೂರ ಇದೆ. ಐದೇ ನಿಮಿಷ. ಸ್ನಾನ ಮಾಡ್ಕೊಂಡು ಬಂದಿದಾರೆ ಮೇಸ್ತ್ರಿ, ಒಂದ್ ಮಂಗಳಾರತಿ ಎತ್ತಿಬಿಡ್ಲಿ" ಎಂದ.

ಆ ಐದು ನಿಮಿಷ ಕೊಟ್ಟಿದ್ದರೆ ಆಗುತ್ತಿತ್ತು. ಆದರೆ ಜನರೇಟರ್ ಹೋದ ಸಿಟ್ಟು, ದೋಣಿಯ ನಗೆಚಾಟಿಕೆಯ ಸಿಟ್ಟು ಎಲ್ಲಾ ಸೇರಿ ನೆತ್ತಿಗೇರಿತ್ತು. "ಅಲ್ಲಿ ಒಬ್ಬ ಮನುಷ್ಯ ಉಸಿರಿಗೆ ಒದ್ದಾಡ್ತಿದಾನೆ, ನಿಮಗೆ ಕರ್ಪೂರ!" ಎಂದು ಕಿರುಚಿ, ನಾನೇ ಒಳಗೆ ಹೋಗಿ ಹಾರಗಳನ್ನು ಕಿತ್ತು ಮೂಲೆಗೆ ಎಸೆದೆ. ನಿಂಬೆಹಣ್ಣು ಕಾಲಿಗೆ ತಾಗಿ ಉರುಳಿತು. ಪಂಪಿನ ಹಿಡಿಗೆ ಕೈ ಹಾಕಿ ಎಳೆದೆ. ಮೇಸ್ತ್ರಿ ಮುಖ ಆಚೆ ತಿರುಗಿಸಿ ಏನೋ ಬೇಡಿಕೊಂಡು, ಆಮೇಲೆ ಇನ್ನೊಂದು ಕಡೆ ಹಿಡಿದರು. ಆಗ ನನಗೆ ದೊಡ್ಡ ಧೈರ್ಯ ಮಾಡಿದೆ ಅನ್ನಿಸಿತ್ತು.

ಕೆರೆ ಏರಿಯ ರಸ್ತೆಯಲ್ಲಿ ಒಂದು ಹೊಂಗೆ ಮರ ಅಡ್ಡ ಬಿದ್ದಿತ್ತು. ಅದನ್ನು ಕೊಯ್ದು ಸರಿಸಿ, ಲಾರಿಯನ್ನು ಏರಿಯ ಮೇಲೇ ನಿಲ್ಲಿಸಿ, ಪಂಪುಗಳನ್ನು ಏರಿಯ ಬುಡದ ತೊಡೆಮಟ್ಟದ ನೀರಿನಲ್ಲಿ ಹೊತ್ತು ದಾಟಿಸಿ, ಆಚೆ ತುಸು ಎತ್ತರದಲ್ಲಿದ್ದ ಕಟ್ಟಡಕ್ಕೆ ತಲುಪಿಸಿದಾಗ ಎಂಟೂ ಮುಕ್ಕಾಲು. ಆ ಬೀದಿಗೆ ಆಂಬುಲೆನ್ಸ್ ಬರುವ ಹಾಗಿರಲಿಲ್ಲ. ಮೊದಲ ಮಹಡಿಗೆ ಹೋಗಿ ಕಂಡಕ್ಟರನ್ನು ನೋಡಿದೆ. ಮೂರು ದಿಂಬಿಗೆ ಒರಗಿ ಕೂತಿದ್ದರು. ಮೂಗಿಗೆ ಕೊಳವೆ. ನನ್ನನ್ನು ನೋಡಿ ಕೈ ಎತ್ತಿ ನಮಸ್ಕರಿಸಿದರು.

"ಹೊತ್ಕೊಂಡು ಹೋಗೋಣ್ವಾ ಆಸ್ಪತ್ರೆಗೆ?" ಎಂದು ಅವರ ಹೆಂಡತಿಯನ್ನು ಕೇಳಿದೆ.

"ಅಲ್ಲಾಡಿಸಿದ್ರೆ ಉಸಿರು ಕಟ್ಟುತ್ತೆ ಮೇಡಮ್. ಕರೆಂಟ್ ಬಂದ್ರೆ ಸಾಕು. ನೀರು ತೆಗೆಯೋಕೆ ಎಷ್ಟು ಹೊತ್ತಾಗುತ್ತೆ?"

"ಒಂದು ಗಂಟೆ," ಎಂದೆ. ಪುಸ್ತಕದಲ್ಲಿ ಚಾಲನೆ ಸರಿ ಎಂದಿತ್ತಲ್ಲ.

ಎಂಜಿನ್ ಮೊದಲ ಎಳೆತಕ್ಕೇ ಹತ್ತಿಕೊಂಡಿತು. ಗ್ಯಾಂಗಿನವರು ಹೋ ಎಂದರು. ಆದರೆ ಹೊರಗಿನ ಪೈಪಿನಲ್ಲಿ ನೀರಿಲ್ಲ. ಗಾಳಿ ಎಳೆಯುತ್ತಿರಬೇಕೆಂದು ಮೇಸ್ತ್ರಿ ನಿಲ್ಲಿಸಿ, ಮೇಲಿನಿಂದ ಬಕೆಟ್ಟಿನಲ್ಲಿ ನೀರು ತುಂಬಿಸಿ ಮತ್ತೆ ಓಡಿಸಿದರು. ಇಲ್ಲ. ಪೈಪು ಸೇರುವ ಕಡೆಗಳಲ್ಲಿ ಬಿಚ್ಚಿ ವಾಷರು ಬದಲಿಸಿದೆವು. ಬಣ್ಣ ಕೂತು ತಿರುಪುಗಳು ಬಿಗಿದಿದ್ದರಿಂದ ಅದಕ್ಕೇ ಮುಕ್ಕಾಲು ಗಂಟೆ ಹಿಡಿಯಿತು. ಸೈಕಲ್ ಟ್ಯೂಬು ಸೀಳಿ ಸುತ್ತಿದೆವು. ಇಲ್ಲ. ಹತ್ತೂವರೆ ದಾಟಿತು. ಲೈನ್‌ಮ್ಯಾನ್ ಮೆಟ್ಟಿಲ ಮೇಲೆ ಕೂತು, "ಎರಡಡಿ ಇಳಿಸಿ ಸಾಕು, ಮಿಕ್ಕಿದ್ದು ನಾನ್ ನೋಡ್ಕೋತೀನಿ" ಎಂದು ಮೂರನೇ ಸಲ ಹೇಳಿದ. ಮೊದಲನೆಯದನ್ನು ಬಿಟ್ಟು ಎರಡನೇ ಪಂಪು ಹೂಡಿದೆವು. ಹತ್ತಿಕೊಂಡಿತು. ನೀರು ಮಾತ್ರ ತೊಟ್ಟೂ ಇಲ್ಲ.

ಮೇಸ್ತ್ರಿ ಸ್ಪ್ಯಾನರ್ ಕೆಳಗಿಟ್ಟರು. "ಒಂದ್ ಕೈ ಕೊಟ್ರೆ ಮಿಷನ್ನು ಅನ್ನಬೋದು. ಎರಡೂ ಒಂದೇ ದಿನ, ಒಂದೇ ಥರ ಕೈ ಕೊಡ್ತವೆ ಅಂದ್ರೆ..." ಎಂದು ನಿಲ್ಲಿಸಿ, "ಪೂಜೇಲಿ ಕುಂತಿದ್ದನ್ನ ಇಂಗೆ ಎಳ್ಕೊಂಡು ಬರ್ಬಾರ್ದಿತ್ತಮ್ಮಾ" ಎಂದರು. ಉಳಿದವರು ಯಾರೂ ನನ್ನ ಮುಖ ನೋಡಲಿಲ್ಲ.

ಎರಡೂ ಒಂದೇ ಥರ ಎನ್ನುವ ಆ ಮಾತಿಗೆ ಅವರಿಗೆ ದೇವಿಯ ನೆನಪಾಯಿತು. ನನಗೆ ತಂತಿಗೆ ತೂಗುತ್ತಿದ್ದ ಎರಡು ಕೆಂಪು ವಾಲ್ವುಗಳ ನೆನಪಾಯಿತು. "ಪೈಪ್ ಮೇಲಕ್ಕೆ ಎಳೀರಿ" ಎಂದೆ. ಜಾಲರಿಯ ತೂತಿನಲ್ಲಿ ಕಡ್ಡಿ ಹಾಕಿ ಮುಚ್ಚಳವನ್ನು ದಬ್ಬಿದೆ. ಅಲ್ಲಾಡಲಿಲ್ಲ. ಬಣ್ಣ ಕೆಳಗಿಳಿದು ಮುಚ್ಚಳದ ಸುತ್ತ ಕಟ್ಟಿ, ಗಟ್ಟಿಯಾಗಿ, ಬೆಸುಗೆ ಹಾಕಿದ ಹಾಗೆ ಕೂತಿತ್ತು. ಇನ್ನೊಂದರದ್ದೂ ಅದೇ ಕಥೆ.

ಮೇಸ್ತ್ರಿಗೆ ತೋರಿಸಿದೆ. ಅವರು ನೋಡಿದರು, ಅರ್ಥವೂ ಆಯಿತು, ಸುತ್ತಿಗೆ ಕೈಗೆತ್ತಿಕೊಂಡರು. ಜಾಲರಿ ಒಡೆದು, ಉಳಿಯಿಂದ ಸುತ್ತ ಕೆತ್ತಿ, ಡೀಸೆಲ್ ಹಾಕಿ ಉಜ್ಜಿ ಮುಚ್ಚಳ ಬಿಡಿಸಲು ಹನ್ನೆರಡಾಯಿತು. ನಾನು ಅಷ್ಟೂ ಹೊತ್ತು ಪಕ್ಕದಲ್ಲೇ ಕೂತು ಬಣ್ಣದ ಚೂರುಗಳನ್ನು ಉಗುರಿನಿಂದ ಕೆರೆದೆ. ಕರ್ಪೂರಕ್ಕೆ ಐದು ನಿಮಿಷ ಕೊಡದವಳು ಬಣ್ಣಕ್ಕೆ ಮೂರು ಗಂಟೆ ಕೊಟ್ಟೆ. ಕೊನೆಗೆ ಪಂಪು ನೀರು ಎಳೆಯಿತು, ತೋಳಿನ ಗಾತ್ರದ ಧಾರೆ ಬೀದಿಗೆ ಬಿತ್ತು. ಅದೇ ಹೊತ್ತಿಗೆ ಮೇಲಿನಿಂದ ಅವರ ಹೆಂಡತಿಯ ಕೂಗು ಕೇಳಿತು. ಸಿಲಿಂಡರಿನ ಮುಳ್ಳು ಕೆಂಪು ಗೆರೆಗೆ ಬಂದಿತ್ತು.

ಬೋರ್ಡು ಹೊರಬರಲು ಇನ್ನೂ ಒಂದು ಗಂಟೆ ಬೇಕು. ಕಾಯುವುದೋ ಹೊರಡುವುದೋ ಎಂದು ಯಾರೂ ನನ್ನನ್ನು ಕೇಳಲಿಲ್ಲ, ನಾನೇ ಹೇಳಿದೆ: "ಎತ್ತಿ. ಈಗಲೇ." ಕೈಯಿರುವ ಪ್ಲಾಸ್ಟಿಕ್ ಕುರ್ಚಿಗೆ ಅವರನ್ನು ಕೂರಿಸಿ, ಎದೆಗೆ ಸೊಂಟಕ್ಕೆ ಹಗ್ಗ ಸುತ್ತಿ, ಕುರ್ಚಿಯ ಕೆಳಗೆ ಎರಡು ಹಾರೆ ಅಡ್ಡ ಕಟ್ಟಿದೆವು. ನಾಲ್ಕು ಜನ ಹೊತ್ತರು. ಸಿಲಿಂಡರನ್ನು ಮಗುವಿನ ಹಾಗೆ ಎದೆಗವಚಿಕೊಂಡು ನಾನು ಪಕ್ಕದಲ್ಲೇ ನಡೆದೆ. ಬೀದಿಯ ಅರ್ಧಕ್ಕೆ ಬಂದಾಗ ಅದರ ಸದ್ದು ನಿಂತುಹೋಯಿತು. ಕಂಡಕ್ಟರ ತುಟಿ ನೀಲಿಯಾಗಿತ್ತು. ಅವರು ಏನೋ ಹೇಳಲು ಬಾಯಿ ತೆರೆದರು. ಹೆಂಡತಿ, "ಮಾತಾಡ್ಬೇಡಿ, ಮಾತಾಡ್ಬೇಡಿ" ಎಂದು ಅವರ ಗದ್ದ ಹಿಡಿದುಕೊಂಡೇ ಬಂದರು. ಏರಿಯ ಮೇಲೆ ನಮ್ಮ ಡ್ರೈವರು ಕರೆಸಿದ್ದ ಆಂಬುಲೆನ್ಸ್ ನಿಂತಿತ್ತು.

ನಾನು ಸಾಮಾನು ತರಲು ವಾಪಸ್ಸು ಹೋದೆ. ಒಂದೂಕಾಲಿಗೆ ಲೈನ್‌ಮ್ಯಾನ್ ಕರೆಂಟು ಕೊಟ್ಟ. ಮೊದಲ ಮಹಡಿಯ ಬಾಗಿಲು ತೆರೆದೇ ಇತ್ತು. ಒಳಗೆ ಆಕ್ಸಿಜನ್ ಮೆಷೀನು ತಾನಾಗಿ ಶುರುವಾಗಿ, ಖಾಲಿ ಹಾಸಿಗೆಯ ಪಕ್ಕದಲ್ಲಿ ಬುಸುಬುಸು ಎನ್ನುತ್ತಿತ್ತು. ಸ್ವಿಚ್ಚು ಹುಡುಕಿ ಆರಿಸಿ ಬಂದೆ.

ಅವರು ನಾಲ್ಕನೇ ದಿನ ತೀರಿಕೊಂಡರು.

ಸೋಮವಾರ ಸಾಹೇಬರ ಮುಂದೆ ವಾಲ್ವನ್ನಿಟ್ಟು, ನಡೆದದ್ದನ್ನೆಲ್ಲ ವರದಿ ಬರೆದುಕೊಡುತ್ತೇನೆ ಎಂದೆ. ಅವರು ಪುಸ್ತಕ ತರಿಸಿ, ನನ್ನ ಸಹಿಯ ಮೇಲೆ ಬೆರಳಿಟ್ಟರು. "ಇಲ್ಲಿ ಸರಿ ಇದೆ ಅಂತ ನೀವೇ ಬರ್ದಿದೀರಾ. ಆಮೇಲೆ ಅಲ್ಲಿ ಸರಿ ಇರ್ಲಿಲ್ಲ ಅಂತ ನೀವೇ ಬರೀತೀರಾ. ಯಾರ್ ಕೆಲಸ ಹೋಗುತ್ತೆ ಹೇಳಿ?" ಎಂದರು. ಅವರ ದನಿಯಲ್ಲಿ ಬೆದರಿಕೆ ಇರಲಿಲ್ಲ, ನನ್ನ ಮೇಲೆ ಕನಿಕರವೇ ಇತ್ತು. ನಾನು ಬರೆಯಲಿಲ್ಲ. ಕಡತದಲ್ಲಿ ಪ್ರಕೃತಿ ವಿಕೋಪ ಎಂದಾಯಿತು. ಗ್ಯಾಂಗಿನಲ್ಲಿ ಮಾತ್ರ ಬೇರೆ ಮಾತು ನಿಂತಿತು: ಆಯಮ್ಮ ಪೂಜೆಯ ಆಯುಧ ಕಿತ್ತರು, ಜೀವ ಹೋಯಿತು. ಮೇಸ್ತ್ರಿ ಆ ಮಾತನ್ನು ಹೇಳಲೂ ಇಲ್ಲ, ತಡೆಯಲೂ ಇಲ್ಲ. ನನ್ನ ಕೈಕೆಳಗೆ ಕೆಲಸ ಮಾಡಲು ಹುಡುಗರಿಗೆ ಇಷ್ಟವಿಲ್ಲ ಎಂದು ಎರಡು ತಿಂಗಳಲ್ಲಿ ನನ್ನನ್ನು ಜನನ ಮರಣ ಪತ್ರ ಕೊಡುವ ಕೌಂಟರಿಗೆ ಹಾಕಿದರು.

ಮುಂದಿನ ದಸರೆಗೆ ನಾಲ್ಕು ದಿನವಿದ್ದಾಗ ಕಂಡಕ್ಟರ ಹೆಂಡತಿ ಕೌಂಟರಿಗೆ ಬಂದರು. ಪಿಂಚಣಿಯ ಕಡೆ ಮರಣ ಪತ್ರದ ಇನ್ನೆರಡು ಪ್ರತಿ ಕೇಳಿದ್ದಾರಂತೆ. ಕಿಟಕಿಯಲ್ಲಿ ನನ್ನನ್ನು ಕಂಡು ಗುರುತು ಹಿಡಿದು, ಎರಡೂ ಕೈ ಜೋಡಿಸಿದರು.

"ನೀವು ಇಲ್ಲಿದೀರಾ ಮೇಡಮ್! ಗೋಡೌನ್ ಹತ್ರ ಹೋಗಿದ್ದೆ, ಇಲ್ಲ ಅಂದ್ರು." ಆಮೇಲೆ ದನಿ ತಗ್ಗಿಸಿ, "ಪೂಜೆಗೆ ಇಟ್ಟಿದ್ದನ್ನ ನಮ್ಮನೆಯವರಿಗೋಸ್ಕರ ಇಳಿಸಿದ್ರಂತೆ ನೀವು. ಆವತ್ತು ನನಗೆ ಗೊತ್ತಿರ್ಲಿಲ್ಲ. ನಮ್ಮಿಂದ ನಿಮಗೆ ಪಾಪ ಬಂತಲ್ಲಾ, ಕೆಲಸಾನೂ ಬದಲಾಯ್ತಲ್ಲಾ ಅಂತ ನನಗೆ ಸಂಕಟ. ಚಾಮುಂಡಿಗೆ ನಿಮ್ಮ ಹೆಸರಲ್ಲಿ ತಪ್ಪುಕಾಣಿಕೆ ಕಟ್ಟಿದೀನಿ" ಎಂದರು.

ನನಗೆ ಅಳು ಬರಲಿಲ್ಲ, ನಾಚಿಕೆಯಾಯಿತು. ಪ್ರತಿಗಳನ್ನು ತೆಗೆದುಕೊಂಡು ಹೊರಗೆ ಬಂದು, ಅವರ ಕೈಗಿಟ್ಟು, ಬೆಂಚಿನ ಮೇಲೆ ಕೂರಿಸಿ, ಒಂದು ವರ್ಷ ಯಾರಿಗೂ ಹೇಳದ್ದನ್ನು ಹೇಳಿದೆ. ಬಣ್ಣ ತರಿಸಿದವಳು ನಾನು. ಓಡಿಸಿ ನೋಡದೆ ಸರಿಯಿದೆ ಎಂದು ಸಹಿ ಹಾಕಿದವಳು ನಾನು. ಆ ಪಂಪು ಒಂಬತ್ತು ಗಂಟೆಗೇ ನೀರು ಎಳೆಯಬೇಕಿತ್ತು. ದೇವಿಗೂ ಇದಕ್ಕೂ ಸಂಬಂಧವಿಲ್ಲ.

ಅವರು ಪೂರ್ತಿ ಕೇಳಿಸಿಕೊಂಡರು. ಬೈಯಲಿಲ್ಲ. ಪ್ರತಿಗಳನ್ನು ಮಡಚಿ, ಕವರಿಗೆ ಹಾಕಿ, ಚೀಲದೊಳಗಿಟ್ಟುಕೊಂಡರು. ಕಚೇರಿಯ ಹಿತ್ತಲಿನಿಂದ ಹಾಡು ಕೇಳುತ್ತಿತ್ತು, ಅದರ ಜೊತೆಗೆ ಎನಾಮೆಲ್ ಬಣ್ಣದ ವಾಸನೆ ಬರುತ್ತಿತ್ತು. ಅವರು ತಲೆಯೆತ್ತಿ ಆ ಕಡೆ ನೋಡಿದರು.

"ಈ ಸಲಾನೂ ಹಚ್ತಿದಾರಾ?"

"ಹಚ್ತಿದಾರೆ," ಎಂದೆ.

"ನೀವು ಹೋಗಿ ಹೇಳಿದ್ರಾ?"

ನಾನು ನನ್ನ ಕೌಂಟರಿನ ಕಿಟಕಿಯ ಕಡೆ ತಿರುಗಿದೆ. ಅವರು ಚೀಲ ಹೆಗಲಿಗೆ ಹಾಕಿಕೊಂಡು ಎದ್ದರು. ಗೇಟಿನ ಕಡೆಗೆ ಹೋಗುತ್ತಾರೆ ಅಂದುಕೊಂಡೆ. ಅವರು ಹಿತ್ತಲಿನ ಕಡೆ ನಡೆದರು.